ಎಳೆಯ ಮಕ್ಕಳ ಆಟವೂ ಮನೆಯ ಸಾಮಾನುಗಳೂ

ಆಗತಾನೇ ಹೆಜ್ಜೆಯಿಡಲಾರಂಭಿಸಿದ ಕೂಸು ಇರುವ ಮನೆಯಲ್ಲಿ, ಅಡಿಗೆಯ ಕೋಣೆಯ ಕೆಳಗಿನ ಹಲಗೆಯ ಮೇಲೆ ಯಾವ ಪಾತ್ರೆಯೂ ಇಟ್ಟಲ್ಲಿ ನಿಲ್ಲುವದಿಲ್ಲವೆಂಬದು ತಾಯಂದಿರೆಲ್ಲರ ಅನುಭವವಾಗಿದೆ. ಅಂಗಡಿಯಿಂದ ಕೊಂಡು ತಂದ ಬೊಂಬೆಯು ಮೂಲೆಯಲ್ಲಿ ಬಿದ್ದಿರಲು, ಮಗುವು ಸೌಟನ್ನು ಹಿಡಿದು ತಪ್ಪಲೆಯನ್ನು ಬಡಿಯುತ್ತಿರುವದು. ಇದನ್ನು ಕಂಡು ನಾವು ಸಾಧಾರಣವಾಗಿ “ಬೇಡ, ಮುಟ್ಟಬೇಡ” ಎಂದು ಸೌಟನ್ನು ಕಸಿದುಕೊಂಡು, ಬೊಂಬೆಯನ್ನೇ ಮರಳಿ ಅದರ ಕೈಗೆ ಕೊಡುತ್ತೇವೆ. ಈಚೆಗೆ ಬೊಂಬೆಗೆ ಬದಲಾಗಿ ಮೊಬೈಲನ್ನು ಕೊಡುವದೂ ಉಂಟು. ನಾವು ಇಲ್ಲಿ ಹೇಳಬೇಕೆಂದಿರುವದು ಇಷ್ಟೇ: ಈ ವ್ಯಾಜ್ಯದಲ್ಲಿ ಮಗುವಿನ ತೀರ್ಪು ಸರಿ, ನಮ್ಮದು ತಪ್ಪು. ಮೂರು ವರ್ಷದೊಳಗಿನ ಕೂಸಿಗೆ ಬೇಕಾದದ್ದು ಬೆಲೆಯುಳ್ಳ ಆಟಿಕೆಯಲ್ಲ; ತನ್ನ ಕೈಯಿಂದಲೇ ಏನಾದರೂ ಮಾಡುವದಕ್ಕೆ ಆಸ್ಪದಕೊಡುವ ವಸ್ತುವೂ, ಅದನ್ನು ಕಂಡು ಸಂತೋಷಪಡುವ ಒಬ್ಬ ದೊಡ್ಡವರೂ ಬೇಕು.

ಹೀಗೆ ಹೇಳುವವರಲ್ಲಿ ನಾವು ಮೊದಲಿಗರಲ್ಲ. ಜರ್ಮನಿ ದೇಶದ ಫ್ರೊಬೆಲ್ ಪಂಡಿತರು 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಎಳೆಯರಿಗಾಗಿ ಒಂದು ಶಾಲೆಯನ್ನು ತೆರೆದು, 1840ರಲ್ಲಿ ಅದಕ್ಕೆ ‘ಮಕ್ಕಳ ತೋಟ’ ಎಂಬರ್ಥವುಳ್ಳ ಕಿಂಡರ್‌ಗಾರ್ಟನ್ ಎಂಬ ಹೆಸರನ್ನಿಟ್ಟರು. ಅವರು ಮಕ್ಕಳಿಗೆಂದು ಕ್ರಮಪಡಿಸಿದ ಆಟದ ವಸ್ತುಗಳಲ್ಲಿ ಮೊದಲನೆಯದು ಉಣ್ಣೆಯ ನೂಲಿನಿಂದಾದ, ಬೇರೆಬೇರೆ ಬಣ್ಣದ, ಮೆತ್ತಗಿನ ಆರು ಚೆಂಡುಗಳು ಮಾತ್ರವೇ. ಶಾಲೆಯ ಹೊಲಿಗೆಯ ತರಗತಿಯಲ್ಲಿ ಕ್ರೋಶಾ ಕಡ್ಡಿಯನ್ನು ಹಿಡಿಯಲು ಕಲಿತ ಸಹೋದರಿಯರಿಗೆ ಇವನ್ನು ಮಾಡುವದು ಒಂದು ಸಂಜೆಯ ಕೆಲಸವಾಗಿದೆ. ಮಿಕ್ಕ ನೂಲು ಸಾಕು. ಒಳಗೆ ಹಳೆಯ ಬಟ್ಟೆಯ ಚೂರುಗಳನ್ನು ತುಂಬಬಹುದು. ಚೆಂಡಿಗೆ ದಾರ ಕಟ್ಟಿದರೆ ಅದು ಗೇಣಿಗಿಂತ ಚಿಕ್ಕದಾಗಿರಲಿ. ಉದ್ದದ ದಾರವು ಕೂಸಿನ ಕೊರಳಿಗೆ ಸುತ್ತಿಕೊಳ್ಳುವ ಭಯವುಂಟು.

ಇಟಲಿಯ ಮರಿಯಾ ಮೊಂಟೆಸ್ಸೊರಿ ಅಮ್ಮನವರು 1907ರಲ್ಲಿ ರೋಮ್ ಪಟ್ಟಣದ ಬಡವರ ಕೇರಿಯೊಂದರಲ್ಲಿ ತಮ್ಮ ಮಕ್ಕಳ ಮನೆಯನ್ನು ತೆರೆದಾಗ, ಅಲ್ಲಿ ಒಳ್ಳೊಳ್ಳೆಯ ಆಟಿಕೆಗಳೂ ಇದ್ದವು. ಆದರೆ ಮಕ್ಕಳು ಅವುಗಳನ್ನು ತಾವಾಗಿ ಆರಿಸಿಕೊಳ್ಳದೆ, ಕೆಲಸಕ್ಕೆ ಬರುವ ವಸ್ತುಗಳನ್ನೇ ಹುಡುಕಿಕೊಂಡು ಹೋದದ್ದನ್ನು ಅವರು ಕಂಡು ಬರೆದಿಟ್ಟಿದ್ದಾರೆ. ಅವರು 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು, ಅನೇಕ ಉಪಾಧ್ಯಾಯರನ್ನು ತರಬೇತುಗೊಳಿಸಿದರು.

“ಇವೆಲ್ಲಾ ಶಾಲೆಯ ಮಾತು, ಮನೆಯಲ್ಲಿ ಬಡವರ ಮಕ್ಕಳಿಗೆ ಇದರಿಂದೇನು?” ಎಂದು ಕೇಳುವವರಿಗೆ ಜಮೈಕಾ ದ್ವೀಪದಲ್ಲಿ ನಡೆದ ಒಂದು ಸಂಗತಿಯನ್ನು ತಿಳಿಸುತ್ತೇವೆ. 1986-87ರಲ್ಲಿ ಅಲ್ಲಿಯ ಕಿಂಗ್‌ಸ್ಟನ್ ಪಟ್ಟಣದ ಬಡಕೇರಿಗಳಿಂದ, ವಯಸ್ಸಿಗೆ ತಕ್ಕ ಬೆಳವಣಿಗೆಯಿಲ್ಲದ 129 ಮಕ್ಕಳನ್ನು ಆರಿಸಲಾಯಿತು. ಅವರ ವಯಸ್ಸು 9ರಿಂದ 24 ತಿಂಗಳು. ಅವರಲ್ಲಿ ಕೆಲವರ ಮನೆಗಳಿಗೆ ಆರೋಗ್ಯ ಇಲಾಖೆಯ ಸಾಮಾನ್ಯ ಕೆಲಸಗಾತಿಯರು ವಾರಕ್ಕೊಮ್ಮೆ ಒಂದು ತಾಸು ಹೋಗಿ, ಬಿಸಾಡಿದ ಸಾಮಾನುಗಳಿಂದ ಮಾಡಿದ ಆಟಿಕೆಗಳನ್ನು ತೋರಿಸಿ, ಮಗುವಿನೊಂದಿಗೆ ಆಡುವದು ಹೇಗೆ, ಮಾತಾಡುವದು ಹೇಗೆ ಎಂದು ತಾಯಿಗೆ ಕಲಿಸಿಕೊಟ್ಟರು. ಇದು ಎರಡು ವರ್ಷ ನಡೆಯಿತು. ಸುಮಾರು ಇಪ್ಪತ್ತು ವರ್ಷಗಳ ಮೇಲೆ ಅದೇ ಮಕ್ಕಳನ್ನು ಹುಡುಕಿ ವಿಚಾರಿಸಿದಾಗ, ಹಾಗೆ ಆಡಿ ಬೆಳೆದವರ ಸಂಪಾದನೆಯು ಆ ಸಹಾಯ ದೊರೆಯದವರಿಗಿಂತ ನೂರಕ್ಕೆ 25ರಷ್ಟು ಹೆಚ್ಚಾಗಿತ್ತೆಂದು 2014ರಲ್ಲಿ ಪ್ರಕಟವಾಯಿತು. ಒಡೆದ ಡಬ್ಬಿ, ಚಿಂದಿ ಬಟ್ಟೆ, ತಾಯಿಯ ಮಾತು ಇವೇ ಆ ಮೂಲಧನ.

ಇನ್ನು ಆಟಗಳಿಗೆ ಬರೋಣ. ಕೂಸು ಆಧಾರವಿಲ್ಲದೆ ಕುಳಿತುಕೊಳ್ಳುವ ಕಾಲಕ್ಕೆ ಯೋಗ್ಯವಾದದ್ದು ಬುಟ್ಟಿಯ ಆಟ. ಇಂಗ್ಲೆಂಡಿನ ಎಲಿನರ್ ಗೋಲ್ಡ್‌ಷ್ಮೀಡ್ ಎಂಬವರು ಇದನ್ನು ನಿಧಿಯ ಬುಟ್ಟಿಯೆಂದು ಕರೆದು ಪ್ರಚುರಪಡಿಸಿದರು. ಅಂಚು ತಗ್ಗಾಗಿಯೂ ತಳ ಅಗಲವಾಗಿಯೂ ಇರುವ ಬೆತ್ತದ ಬುಟ್ಟಿಯಲ್ಲಿ ಹಿತ್ತಾಳೆಯ ಲೋಟ, ಮರದ ಸೌಟು, ಚೆನ್ನಾಗಿ ಉಜ್ಜಿ ನುಣುಪುಮಾಡಿದ ತೆಂಗಿನ ಕರಟ, ಲಟ್ಟಣಿಗೆ, ಡಬ್ಬಿಯ ದೊಡ್ಡ ಮುಚ್ಚಳ, ರೇಷ್ಮೆಯ ತುಂಡು, ಒರಟು ಚೀಲದ ತುಂಡು, ತೊಳೆದ ಮೂಸಂಬಿ ಹಣ್ಣು ಮುಂತಾದವುಗಳನ್ನಿಟ್ಟು ಮಗುವಿನ ಮುಂದಿಡಿರಿ. ತಣ್ಣಗಿನದು, ಬೆಚ್ಚಗಿನದು, ಭಾರವಾದದ್ದು, ಹಗುರವಾದದ್ದು, ಸದ್ದುಮಾಡುವದು, ಮಾಡದಿರುವದು ಎಲ್ಲವೂ ಇರಲಿ. ಪ್ಲಾಸ್ಟಿಕ್ಕಿನ ಆಟಿಕೆಗಳು ಹತ್ತಿದ್ದರೂ ನಾಲಿಗೆಗೆ ಒಂದೇ ರುಚಿ, ಕೈಗೆ ಒಂದೇ ಹದ. ಮಗುವು ಒಂದೊಂದನ್ನೇ ತೆಗೆದು, ನೋಡಿ, ಬಾಯಲ್ಲಿಟ್ಟು, ನೆಲಕ್ಕೆ ಕುಟ್ಟುವದು. ಆಗ ನಾವು ಹತ್ತಿರ ಕುಳಿತು ಸುಮ್ಮನಿರಬೇಕು. “ಇದು ಲೋಟ, ಇದು ಸೌಟು” ಎಂದು ಪಾಠ ಒಪ್ಪಿಸುವ ಅವಸರ ಬೇಡ. (ಉಪಾಧ್ಯಾಯಿನಿಯರಾದ ತಾಯಂದಿರಿಗೆ ಇದು ಬಹು ಕಷ್ಟವೆಂದು ಬಲ್ಲೆವು.) ಅದು ಲೋಟವನ್ನೆತ್ತಿ ನಮ್ಮ ಮುಖವನ್ನು ನೋಡಿದಾಗ ಮಾತಾಡಿದರೆ ಆ ಮಾತು ಮನಸ್ಸಿಗೆ ನಾಟುವದು.

ಇಲ್ಲಿ ಒಂದು ಭಯಂಕರವಾದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಒಂದು ಆಟಿ ತಿಂಗಳ ಸಂಜೆ ನಮ್ಮ ಮನೆಯ ದೊಡ್ಡ ಹುಡುಗಿಯರು ಚಾವಡಿಯಲ್ಲಿ ಚೆನ್ನೆಮಣೆಯಾಡುತ್ತಿದ್ದರು. ನಾವು ನಾಲ್ಕು ಮಂದಿ ದೊಡ್ಡವರು ಅಲ್ಲಿಯೇ ಕುಳಿತು ಮಳೆಯ ವಿಷಯ ಮಾತಾಡುತ್ತಿದ್ದೆವು. ಒಂದೂವರೆ ವರ್ಷದ ಕೂಸು ಮಣೆಯಿಂದ ಒಂದು ಬೀಜವನ್ನು ತೆಗೆದು ಬಾಯಿಗೆ ಹಾಕಿಕೊಂಡದ್ದನ್ನು ಯಾರೂ ನೋಡಲಿಲ್ಲ. ಅದು ಅಳಲಿಲ್ಲ, ಕೂಗಲಿಲ್ಲ. ಉಸಿರು ಕಟ್ಟಿದ ಮಗುವಿಗೆ ಸ್ವರವೇ ಹೊರಡದೆಂಬದನ್ನು ನಾವು ಆ ದಿನ ಕಲಿತೆವು. ಅಜ್ಜಿಯವರು ಅದರ ಮುಖ ಕಪ್ಪಿಡುವದನ್ನು ಕಂಡು, ತೊಡೆಯ ಮೇಲೆ ಬೋರಲಾಗಿ ತಲೆ ತಗ್ಗಿಸಿ ಹಾಕಿಕೊಂಡು, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಬಲವಾಗಿ ಗುದ್ದಿದರು. ನಾಲ್ಕನೆಯ ಪೆಟ್ಟಿಗೆ ಬೀಜವು ಹೊರಗೆ ಬಿತ್ತು.

ಆದುದರಿಂದ ಮೂರು ವರ್ಷ ತುಂಬುವ ತನಕ ಒಂದೂಕಾಲು ಅಂಗುಲಕ್ಕಿಂತ ಸಣ್ಣದಾದ ಯಾವ ವಸ್ತುವೂ, ಹುಣಸೆಬೀಜವಾಗಲಿ ಗುಂಡಿಯಾಗಲಿ ಮಣಿಯಾಗಲಿ ಕಡಲೆಕಾಯಿಯ ಬೀಜವಾಗಲಿ, ಆಟಕ್ಕೆ ಕೊಡತಕ್ಕದ್ದಲ್ಲ. ಆಟಿಕೆಗಳಲ್ಲಿಯೂ ಗಡಿಯಾರಗಳಲ್ಲಿಯೂ ಇರುವ ಗುಂಡಿಯಾಕಾರದ ಬ್ಯಾಟರಿಯು ಇವೆಲ್ಲಕ್ಕಿಂತ ಕೆಟ್ಟದ್ದು. ನುಂಗಿದ ಎರಡೇ ತಾಸಿನಲ್ಲಿ ಅದು ಅನ್ನನಾಳವನ್ನು ಸುಡಬಲ್ಲದು. ನುಂಗಿತೆಂಬ ಸಂಶಯ ಬಂದರೂ ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಗಂಟಲಿಗೆ ಏನಾದರೂ ಸಿಕ್ಕಿದಾಗ, ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಬಾರದು. ಅದು ಇನ್ನೂ ಒಳಗೆ ಸರಿಯುವದು. ಮಾಡತಕ್ಕ ಉಪಚಾರವನ್ನು ದಾದಿಯರೊಬ್ಬರಿಂದ ಕಲಿತುಕೊಳ್ಳುವದು ಪ್ರತಿಯೊಬ್ಬ ತಾಯಿಗೂ ಅವಶ್ಯ.

ಇನ್ನೊಂದು ಆಟವು ಅಳತೆಯ ಪಾತ್ರೆಗಳದ್ದು. ಈಗ ಉಪಯೋಗಕ್ಕೆ ಬಾರದಿದ್ದರೂ ಎಷ್ಟೋ ಮನೆಗಳ ಅಟ್ಟದ ಮೇಲೆ ಸೇರು, ಅಚ್ಚೇರು, ಪಾವುಗಳು ಉಳಿದಿವೆ. ಅವುಗಳನ್ನು ತೊಳೆದು ಕೊಟ್ಟರೆ ಮಗುವು ದೊಡ್ಡದನ್ನು ಸಣ್ಣದರೊಳಗೆ ತುರುಕಲು ಬಹು ದಿನ ಹೆಣಗಿ, ಒಂದು ದಿನ ತಾನಾಗಿಯೇ ಕ್ರಮವನ್ನು ಕಂಡುಕೊಳ್ಳುವದು. ನಾವು ನಡುವೆ ಕೈಹಾಕಿ ಸರಿಮಾಡಿಕೊಟ್ಟರೆ ಆ ದಿನವು ಅದಕ್ಕೆ ದೊರೆಯದೇ ಹೋಗುವದು. ಅವು ಇಲ್ಲದವರಿಗೆ ಸ್ಟೀಲಿನ ಡಬ್ಬಿಗಳು ಸಾಕು. ರಟ್ಟಿನ ಪೆಟ್ಟಿಗೆಯ ಮುಚ್ಚಳದಲ್ಲಿ ಸೀಳು ಮಾಡಿ, ಬಟ್ಟೆ ಒಣಗಿಸುವ ದೊಡ್ಡ ಕ್ಲಿಪ್ಪುಗಳನ್ನು ಅದರಲ್ಲಿ ಹಾಕಗೊಟ್ಟರೂ ಅರ್ಧ ತಾಸಿಗೆ ಕೊರತೆಯಿಲ್ಲ.

ಸೆರಗಿನಿಂದ ಮುಖ ಮುಚ್ಚಿಕೊಂಡು ಫಕ್ಕನೆ ತೆಗೆಯುವ ಆಟವನ್ನು ನಮ್ಮ ಅಜ್ಜಿಯಂದಿರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಸ್ವಿಟ್ಜರ್ಲೆಂಡಿನ ಪಿಯಾಜೆ ಪಂಡಿತರು ತಮ್ಮ ಮೂವರು ಮಕ್ಕಳನ್ನು ಶೈಶವದಿಂದಲೇ ಲಕ್ಷ್ಯವಿಟ್ಟು ನೋಡಿ, ಕಣ್ಣಿಗೆ ಮರೆಯಾದ ವಸ್ತುವೂ ಇದ್ದೇ ಇರುತ್ತದೆಂಬ ತಿಳುವಳಿಕೆಯು ಕೂಸಿಗೆ ಮೆಲ್ಲಮೆಲ್ಲನೆ ಬರುವದೆಂದು ತೋರಿಸಿದರು. ಹಾಗಾದರೆ ಸೆರಗಿನಾಟದಲ್ಲಿ ಮಗುವು ಕಲಿಯುವದೇನು? ಕಾಣದಿದ್ದರೂ ಅಮ್ಮ ಇದ್ದಾಳೆ, ಮರಳಿ ಬರುತ್ತಾಳೆ ಎಂಬದನ್ನೇ. ಕೆಲಸಕ್ಕೆ ಹೊರಗೆ ಹೋಗುವ ತಾಯಂದಿರು ಈ ಆಟವನ್ನು ಹೆಚ್ಚಾಗಿ ಆಡುವದು ಒಳ್ಳೇದು. ಸ್ವಲ್ಪ ಬೆಳೆದ ಮೇಲೆ ಮೂರು ಲೋಟಗಳನ್ನು ಕವಚಿ, ಒಂದರಡಿಯಲ್ಲಿ ಚೆಂಡನ್ನು ಬಚ್ಚಿಟ್ಟು ಹುಡುಕಿಸಬಹುದು. ಎತ್ತರದ ಕುರ್ಚಿಯಿಂದ ಚಮಚವನ್ನು ಇಪ್ಪತ್ತು ಸಾರಿ ಕೆಳಗೆ ಹಾಕುವ ಕೂಸು ಹಟಮಾಡುತ್ತಿಲ್ಲ, ಪ್ರಯೋಗ ನಡಿಸುತ್ತಿದೆ. ಇಪ್ಪತ್ತು ಸಾರಿಯೂ ಹೆಕ್ಕಿಕೊಡುವ ತಾಳ್ಮೆ ನಮಗೂ ಇಲ್ಲವೆಂದು ಒಪ್ಪಿಕೊಳ್ಳುತ್ತೇವೆ. ಹತ್ತು ಸಾರಿಯಾದರೂ ಕೊಡೋಣ.

ನೀರಿನಾಟಕ್ಕೆ ಅಗಲವಾದ ಬೋಗುಣಿ, ಎರಡು ಲೋಟ, ಒಂದು ಜರಡಿ ಸಾಕು. ಜರಡಿಯಲ್ಲಿ ನಿಲ್ಲದ ನೀರು ಲೋಟದಲ್ಲಿ ನಿಲ್ಲುವದನ್ನು ಕಂಡು ಮಗುವಿಗೆ ಆಗುವ ಆಶ್ಚರ್ಯವು ನೋಡತಕ್ಕದ್ದು. ಆದರೆ ಎರಡು ಅಂಗುಲ ನೀರಿನಲ್ಲಿಯೂ ಕೂಸು ಮುಳುಗಿ ಸಾಯಬಹುದಾದ್ದರಿಂದ, ಬಾಗಲು ತಟ್ಟಿದರೂ ಫೋನು ಬಡಿದರೂ ಅದನ್ನು ಎತ್ತಿಕೊಂಡೇ ಏಳಬೇಕು. ಆಟ ಮುಗಿದ ಕೂಡಲೆ ನೀರನ್ನು ಚೆಲ್ಲಬೇಕು.

ಚಪಾತಿಯ ಹಿಟ್ಟಿನ ಒಂದು ಉಂಡೆ, ಸಂತೆಯಿಂದ ತಂದ ಆಲೂಗೆಡ್ಡೆ ಈರುಳ್ಳಿಗಳನ್ನು ಬೇರೆಬೇರೆ ಬುಟ್ಟಿಗೆ ಹಾಕುವ ಕೆಲಸ, ಅಜ್ಜನ ಬೆನ್ನಿನ ಮೇಲೆ ಉಪ್ಪುಮೂಟೆ, ಮಂಚಕ್ಕೆ ಹಳೆಯ ಸೀರೆ ಇಳಿಬಿಟ್ಟು ಮಾಡಿದ ಗವಿ ಇವುಗಳ ವಿವರ ಬೇಕಿಲ್ಲ. ನಡೆಯಲು ಕಲಿಯುವ ಕೂಸಿಗೆ ಹಿಂದಿನಿಂದ ತಳ್ಳಿಕೊಂಡು ಹೋಗುವ ಮೂರು ಗಾಲಿಯ ಮರದ ಬಂಡಿಯು ಒಳ್ಳೇದು. ಒಳಗೆ ಕೂಡ್ರಿಸುವ ಗಾಲಿಬಂಡಿಯನ್ನು ಮಾತ್ರ ಕೊಳ್ಳಬೇಡಿರಿ. ಅದು ನಡಿಗೆಯನ್ನು ಬೇಗ ಕಲಿಸುವದಿಲ್ಲ, ಮೆಟ್ಟಲಿನಿಂದ ಉರುಳಿಸಿದ್ದುಂಟು. ಕೆನಡಾ ದೇಶವು 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಮೊಬೈಲಿನ ವಿಷಯವಾಗಿ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಕೊಟ್ಟ ಸೂಚನೆಯು ಸ್ಪಷ್ಟವಾಗಿದೆ: ಎರಡು ವರ್ಷ ತುಂಬದವರಿಗೆ ಪರದೆಯ ಚಿತ್ರಗಳು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟು ಒಳ್ಳೇದು. ಒಂದು ವರ್ಷ ದಾಟಿದ ಮಗುವು ದಿನಕ್ಕೆ ಮೂರು ತಾಸಾದರೂ ಮೈಯಾಡಿಸಿ ಆಡಬೇಕೆಂದೂ ಅದು ಹೇಳುತ್ತದೆ. ಊಟದ ಹೊತ್ತಿಗೆ ಮೊಬೈಲು ಇಲ್ಲದಿದ್ದರೆ ಬಾಯಿ ತೆರೆಯುವದಿಲ್ಲವೆನ್ನುವ ತಾಯಂದಿರು, ಒಂದು ವಾರ ಆ ಪುಟ್ಟ ಕೈಗೂ ಒಂದು ಬಟ್ಟಲು ಚಮಚಗಳನ್ನು ಕೊಟ್ಟು ನೋಡಲಿ. ಅನ್ನವು ನೆಲಕ್ಕೆ ಬೀಳುವದು ನಿಶ್ಚಯ. ಕೆಳಗೆ ಹಳೆಯ ಚಾಪೆಯನ್ನು ಹಾಸಿಕೊಳ್ಳಬಹುದು.

ಎಲ್ಲಾ ಸಾಮಾನುಗಳನ್ನು ಒಂದೇ ದಿನ ಹರಡಬೇಡಿರಿ. ನಾಲ್ಕೈದನ್ನು ಹೊರಗಿಟ್ಟು, ಉಳಿದವುಗಳನ್ನು ಮೇಲಿರಿಸಿ, ವಾರಕ್ಕೊಮ್ಮೆ ಬದಲಾಯಿಸಿದರೆ ಹಳೆಯ ಕರಟವೇ ಹೊಸದಾಗಿ ತೋರುವದು. ಸಂಜೆ ಎಲ್ಲವನ್ನೂ ಬುಟ್ಟಿಗೆ ತುಂಬುವಾಗ ಮಗುವನ್ನೂ ಕರೆಯಿರಿ. ಒಂದು ಹಾಕಿ ಎರಡು ತೆಗೆಯುವದು ಅದರ ಪದ್ಧತಿ. ಆದಕಾರಣ ದೀಪ ಹಚ್ಚುವದಕ್ಕೆ ಕಾಲು ತಾಸು ಮುಂಚಿತವಾಗಿಯೇ ಈ ಕೆಲಸಕ್ಕೆ ತೊಡಗುವದು ಅನುಕೂಲ.