ಸೊನ್ನೆ ತೋರಿಸುವ ಮಾಪಕವನ್ನು ನಂಬಬಹುದೇ? 9ನೇ ತರಗತಿಯ ಒಂದು ಪಾಠಾನುಭವ

ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ನಾನು 9ನೇ ತರಗತಿಗೆ ‘ಅಳತೆ ಮತ್ತು ದೋಷ’ ಕುರಿತು ಎರಡು ಪಾಠ ಮಾಡಿದೆ. ಉದಾಹರಣೆಗೆ ಆರಿಸಿಕೊಂಡದ್ದು ಕೈಯಲ್ಲಿ ಹಿಡಿಯುವ ಗ್ಯಾಸ್ ಡಿಟೆಕ್ಟರ್. ರಕ್ಷಣಾ ಸಲಕರಣೆಯಿಲ್ಲದೆ ಯಾರನ್ನೂ ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಬಾರದೆಂದು 2013ರ ಕಾಯ್ದೆ ಹೇಳುತ್ತದೆ. ಆದರೂ ಸಾವಿನ ಸುದ್ದಿ ನಿಂತಿಲ್ಲ. ಹಾಗಾಗಿ ಮಕ್ಕಳಿಗೆ ಇದು ತಿಳಿದಿರಲಿ ಎನಿಸಿತು.

ಮೊದಲ ಪಾಠ

ಡಿಟೆಕ್ಟರ್ ಅಳೆಯುವ ಆಮ್ಲಜನಕ, ಮೀಥೇನ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್‌ಗಳನ್ನು ಹಲಗೆಯ ಮೇಲೆ ಬರೆದೆ. ಕ್ಯಾಲಿಬ್ರೇಷನ್ನಿನ ವ್ಯಾಖ್ಯೆ ಕೊಟ್ಟೆ. “ತಿಳೀತೇನು?” ಎಂದೆ. “ಹೂಂ ರೀ” ಎಂದು ಇಡೀ ತರಗತಿ ಕೂಗಿತು. ಕೊನೆಗೆ ಚೀಟಿಯಲ್ಲಿ ಒಂದೇ ಪ್ರಶ್ನೆ ಕೊಟ್ಟೆ: ‘ಗುಂಡಿಯೊಳಗೆ ಇಳಿಬಿಟ್ಟ ಡಿಟೆಕ್ಟರ್ ಹೈಡ್ರೋಜನ್ ಸಲ್ಫೈಡ್ 0 ಎನ್ನುತ್ತಿದೆ. ಆ ಅನಿಲ ಅಲ್ಲಿಲ್ಲವೆಂದು ನಂಬುವಿರಾ?’ ಬಹುತೇಕರು ‘ಹೌದು’ ಎಂದು ಬರೆದಿದ್ದರು. ಪರೀಕ್ಷೆಯಲ್ಲಾದರೆ ಈ ತಪ್ಪಿಗೆ ಒಂದು ಅಂಕ ಹೋಗುತ್ತದೆ, ಗುಂಡಿಯ ಬಾಯಲ್ಲಿ ಜೀವವೇ ಹೋಗುತ್ತದೆ.

ಎರಡನೆಯ ಪಾಠ

ಪ್ರಯೋಗಾಲಯದಿಂದ ಮೂರು ಸ್ಪ್ರಿಂಗ್ ತಕ್ಕಡಿ ತಂದೆ. ಒಂದು ಸರಿಯಾದದ್ದು. ಇನ್ನೊಂದರ ಮುಳ್ಳು ಖಾಲಿ ಇದ್ದಾಗಲೇ 20 ಗ್ರಾಂ ತೋರಿಸುತ್ತಿತ್ತು. ಮೂರನೆಯದರ ಸ್ಪ್ರಿಂಗನ್ನು ಒಳಗೇ ದಾರದಿಂದ ಕಟ್ಟಿ, ಮುಳ್ಳು ಸೊನ್ನೆಯಿಂದ ಕದಲದಂತೆ ಮಾಡಿದ್ದೆ. ಯಾವುದನ್ನು ನಂಬುವಿರಿ ಎಂದು ಕೇಳಿದಾಗ, “ಸೊನ್ನಿ ತೋರಸೂ ಎರಡೂ ಛಲೋ ಅದಾವ್ರಿ” ಎಂದರು. ಮೂರಕ್ಕೂ 100 ಗ್ರಾಂ ತೂಕ ತೂಗುಹಾಕಿದೆ: 100, 120, 0. ತರಗತಿ ಸುಮ್ಮನಾಯಿತು.

ಆಮೇಲೆ ಡಿಟೆಕ್ಟರಿಗೆ ಬಂದೆವು. ಮೊದಲು ಶುದ್ಧ ಗಾಳಿಯಲ್ಲಿ ಸೊನ್ನೆ ಹೊಂದಿಸಬೇಕು, ಆಮ್ಲಜನಕ ಮಾತ್ರ ಶೇ. 20.9 ಇರಬೇಕು. ಬಳಿಕ ಪ್ರಮಾಣ ಗೊತ್ತಿರುವ ಅನಿಲವನ್ನು ಸಿಲಿಂಡರಿನಿಂದ ಹಾಯಿಸಬೇಕು. 25 ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಕೊಟ್ಟಾಗ 18 ತೋರಿಸಿದರೆ 25ಕ್ಕೆ ಹೊಂದಿಸಬೇಕು. ಹೊಂದದಿದ್ದರೆ ಸೆನ್ಸರ್ ಬದಲಿಸಬೇಕು. ಪ್ರತಿದಿನ ಬಳಸುವ ಮುನ್ನ ಗೊತ್ತಿರುವ ಅನಿಲವನ್ನು ಸ್ವಲ್ಪ ಹೊತ್ತು ಕೊಟ್ಟು, ಅಲಾರಾಂ ಕೂಗುತ್ತದೆಯೇ ಎಂದು ನೋಡುವುದು ಬಂಪ್ ಟೆಸ್ಟ್.

ಇದೆಲ್ಲ ಏಕೆ ಬೇಕು? ಈ ಸೆನ್ಸರಿನಲ್ಲಿ ಅನಿಲವು ರಾಸಾಯನಿಕ ಕ್ರಿಯೆ ನಡೆಸಿ, ತನ್ನ ಪ್ರಮಾಣಕ್ಕೆ ತಕ್ಕ ವಿದ್ಯುತ್ ಹರಿಸುತ್ತದೆ. ಸೆನ್ಸರ್ ಹಳತಾದಂತೆ ವಿದ್ಯುತ್ ಕಡಿಮೆಯಾಗುತ್ತದೆ. ಪೂರ್ತಿ ಸತ್ತ ಸೆನ್ಸರ್ ಕೂಡ ಶುದ್ಧ ಗಾಳಿಯಲ್ಲಿದ್ದಂತೆ 0 ತೋರಿಸಬಲ್ಲದು. ಮೂಗನ್ನೂ ನಂಬುವಂತಿಲ್ಲ. ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದಾದರೂ, ಸುಮಾರು 100 ಪಿಪಿಎಂನಲ್ಲಿ ಮೂಗು ಆ ವಾಸನೆಯನ್ನೇ ಗುರುತಿಸದಂತಾಗುತ್ತದೆ.

ಅನಿರೀಕ್ಷಿತ ಪ್ರಶ್ನೆ

ಒಬ್ಬ ಹುಡುಗಿ ಎದ್ದಳು: “ಟೀಚರ್, ನಮ್ಮಜ್ಜ ಹಗೇವು ತಗದ ಮ್ಯಾಲೆ ಮೊದಲ ದೀಪ ಇಳಿಬಿಡ್ತಿದ್ನಂತ್ರಿ. ಅದಕ್ಕ ಕ್ಯಾಲಿಬ್ರೇಷನ್ ಬ್ಯಾಡೇನ್ರಿ?” ನನ್ನ ಪಾಠಯೋಜನೆಯಲ್ಲಿ ಇದು ಇರಲಿಲ್ಲ. ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ ಎಂಬುದಷ್ಟನ್ನು ನಾನು ಹೇಳಿದೆ. ಉಳಿದದ್ದನ್ನು ಮಕ್ಕಳೇ ಕಂಡುಕೊಂಡರು: ದೀಪ ಮೇಲೆ ಉರಿಯುತ್ತಿರುವುದೇ ಅದರ ಪರೀಕ್ಷೆ. ದೀಪ ಕೆಟ್ಟರೆ ಆರುತ್ತದೆ, ನಾವು ಹಿಂದೆ ಸರಿಯುತ್ತೇವೆ. ಡಿಟೆಕ್ಟರ್ ಕೆಟ್ಟರೆ 0 ತೋರಿಸಬಹುದು, ನಾವು ಒಳಗೆ ಇಳಿಯುತ್ತೇವೆ. ಆದರೆ ಹೈಡ್ರೋಜನ್ ಸಲ್ಫೈಡ್ ಜೀವ ತೆಗೆಯುವಷ್ಟಿದ್ದರೂ ದೀಪ ಉರಿಯುತ್ತಲೇ ಇರಬಹುದು, ಮೀಥೇನ್ ಇದ್ದಲ್ಲಿ ದೀಪದಿಂದಲೇ ಸ್ಫೋಟವಾಗಬಹುದು ಎಂದು ನಾನು ಸೇರಿಸಿದೆ.

ಆತ್ಮಾವಲೋಕನ

ಅದೇ ಚೀಟಿಯನ್ನು ಮತ್ತೆ ಕೊಟ್ಟಾಗ ಹೆಚ್ಚಿನವರು ‘ಮೊದಲು ಬಂಪ್ ಟೆಸ್ಟ್ ಆಗಿದೆಯೇ ಎಂದು ಕೇಳುತ್ತೇನೆ’ ಎಂದು ಬರೆದರು. ಮೊದಲ ದಿನದ “ಹೂಂ ರೀ” ದಾರ ಕಟ್ಟಿದ ತಕ್ಕಡಿಯ ಸೊನ್ನೆಯಂತೆಯೇ ಇತ್ತು. ನಾನು ಅದನ್ನು ನಂಬಿ, ದಾಖಲೆಯಲ್ಲಿ ‘ಉದ್ದೇಶ ಸಾಧಿತ’ ಎಂದು ಬರೆಯುವವಳಿದ್ದೆ. ಚೀಟಿ ಇಲ್ಲದಿದ್ದರೆ ನನ್ನ ತಪ್ಪು ನನಗೇ ತಿಳಿಯುತ್ತಿರಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಅನಿಲದ ಸಿಲಿಂಡರನ್ನು ತರಗತಿಗೆ ತರಬಾರದು, ತರುವ ಅಗತ್ಯವೂ ಇಲ್ಲ. ಮೂರು ತಕ್ಕಡಿ, ಒಂದು ತುಂಡು ದಾರ, ಒಂದು 100 ಗ್ರಾಂ ತೂಕ ಸಾಕು.