ಕುಡಿಯದಿದ್ದರೂ ಅಮಲು ಏಕೆ?



"ಸಿಸ್ಟರ್, ಎರಡು ತಿಂಗಳಾತು ಬಾಟ್ಲಿ ಮುಟ್ಟಿಲ್ಲ ಅಂತ ಆಣಿ ಮಾಡ್ತಾರ. ಆದ್ರ ನಾಲ್ಕು ದಿನದಿಂದ ಮಾತು ತೊದಲ್ತದ. ಹಗಲೆಲ್ಲಾ ಮಲಗ್ತಾರ, ರಾತ್ರಿ ಎದ್ದು ಕೂಡ್ತಾರ. ಕದ್ದು ಕುಡದಾರ ಅಂತ ನಾನು ಬಾಯಿಗೆ ಬಂದಂಗ ಬೈದೆ."

ಯಕೃತ್ತಿನ (ಲಿವರ್) ಕಾಯಿಲೆಯವರನ್ನು ಕರೆತರುವ ಮನೆಯವರಿಂದ ಇಂಥ ಮಾತನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ಅನೇಕ ಸಲ ರೋಗಿ ಹೇಳಿದ್ದು ನಿಜವೇ ಆಗಿರುತ್ತದೆ. ಅವರು ಕುಡಿದಿರುವುದಿಲ್ಲ. ಅವರ ಮಿದುಳಿಗೆ ಬೇರೊಂದು ವಿಷ ಏರಿರುತ್ತದೆ. ಅದು ಹುಚ್ಚಲ್ಲ, ದೆವ್ವದ ಕಾಟವಲ್ಲ, ಹಟವೂ ಅಲ್ಲ.

ಯಕೃತ್ತಿಗೂ ಮಿದುಳಿಗೂ ಏನು ಸಂಬಂಧ?

ಹೊಲಸು ಮೂತ್ರಿಖಾನೆಯ ಬಳಿ ಮೂಗಿಗೆ ಅಡರುವ ಘಾಟನ್ನು ಎಲ್ಲರೂ ಬಲ್ಲೆವು. ಅದು ಅಮೋನಿಯದ ಘಾಟು. ನಾವು ತಿಂದ ಆಹಾರದಿಂದ ನಮ್ಮ ಕರುಳಿನಲ್ಲೂ ದಿನವೂ ಅಮೋನಿಯ ಹುಟ್ಟುತ್ತದೆ. ಕರುಳಿನ ರಕ್ತ ಮೊದಲು ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅಮೋನಿಯವನ್ನು ಯೂರಿಯ ಮಾಡುತ್ತದೆ, ಮೂತ್ರಪಿಂಡ ಅದನ್ನು ಹೊರಹಾಕುತ್ತದೆ.

ವರ್ಷಗಟ್ಟಲೆ ಕುಡಿದಾಗ ಯಕೃತ್ತು ಗಾಯಗೊಂಡು, ಗಂಟುಗಂಟಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಸಿರೋಸಿಸ್ ಎನ್ನುತ್ತಾರೆ. ಆಗ ಕೆಲಸ ಮಾಡುವ ಜೀವಕೋಶಗಳು ಕಡಿಮೆಯಾಗುತ್ತವೆ. ಜೊತೆಗೆ, ಹೂಳು ತುಂಬಿದ ಕಾಲುವೆಯ ನೀರು ಪಕ್ಕಕ್ಕೆ ನುಗ್ಗುವಂತೆ, ರಕ್ತ ಯಕೃತ್ತನ್ನು ತಪ್ಪಿಸಿ ಅಡ್ಡದಾರಿ ಹಿಡಿಯುತ್ತದೆ. ಶುದ್ಧವಾಗದ ರಕ್ತದೊಂದಿಗೆ ಅಮೋನಿಯ ಮಿದುಳನ್ನು ಸೇರುತ್ತದೆ.

ಮಿದುಳಿನ ನರಕೋಶಗಳನ್ನು ನೋಡಿಕೊಳ್ಳುವ ನಕ್ಷತ್ರಾಕಾರದ ಕೋಶಗಳಿವೆ. ಅವು ಅಮೋನಿಯವನ್ನು ಹಿಡಿದು ಗ್ಲುಟಮಿನ್ ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತವೆ. ಗ್ಲುಟಮಿನ್ ಹೆಚ್ಚಾದಾಗ ನೀರನ್ನು ಎಳೆದುಕೊಂಡು ಆ ಕೋಶಗಳೇ ಊದಿಕೊಳ್ಳುತ್ತವೆ. ನರದಿಂದ ನರಕ್ಕೆ ಹೋಗುವ ಸುದ್ದಿ ನಿಧಾನವಾಗುತ್ತದೆ. ಇದನ್ನೇ ವೈದ್ಯರು ಹೆಪಾಟಿಕ್ ಎನ್‌ಸೆಫಲೋಪತಿ ಎನ್ನುತ್ತಾರೆ. ಬೇಗ ಗುರುತಿಸಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ಮನಸ್ಸು ತಿಳಿಯಾಗುತ್ತದೆ.

ಮೊದಲ ಗುರುತುಗಳು

1. ಹಗಲು ನಿದ್ದೆ, ರಾತ್ರಿ ಎಚ್ಚರ.
2. ಮರೆವು, ಸಿಡುಕು, ಮಂಕು, ತೊದಲು ಮಾತು.
3. ಕೈ ಮುಂದೆ ಚಾಚಿ ಅಂಗೈ ಮೇಲೆತ್ತಿ ಹಿಡಿದರೆ, ಹಕ್ಕಿ ರೆಕ್ಕೆ ಬಡಿದಂತೆ ಕೈ ಬಡಿಯುವುದು.
4. ಅಕ್ಷರ ಕೆಡುವುದು. ಪ್ರತಿದಿನ ಬೆಳಿಗ್ಗೆ ಒಂದು ನೋಟ್‌ಬುಕ್‌ನಲ್ಲಿ ರೋಗಿಯಿಂದ ಅವರ ಹೆಸರು ಬರೆಸಿ. ನಿನ್ನೆಯದಕ್ಕಿಂತ ಇಂದಿನದು ಸೊಟ್ಟಗಾದರೆ ನಮಗೆ ತಿಳಿಸಿ.

ಎಲ್ಲ ಗೊಂದಲವೂ ಒಂದೇ ಅಲ್ಲ

ಕುಡಿತ ನಿಲ್ಲಿಸಿದಾಗಲೂ ಮಿದುಳು ಕೆರಳುತ್ತದೆ. ಮಿದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ಬ್ರೇಕ್ ಇದ್ದಂತೆ, ಗ್ಲುಟಮೇಟ್ ಆಕ್ಸಿಲರೇಟರ್ ಇದ್ದಂತೆ. ಮದ್ಯ ಬ್ರೇಕನ್ನು ಒತ್ತುತ್ತದೆ. ದಿನವೂ ಕುಡಿಯುವವರ ಮಿದುಳು ಇದಕ್ಕೆ ಹೊಂದಿಕೊಂಡು ಬ್ರೇಕನ್ನು ಸಡಿಲಿಸಿ ಆಕ್ಸಿಲರೇಟರನ್ನು ಬಲಪಡಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಗಾಡಿ ಹಿಡಿತ ತಪ್ಪುತ್ತದೆ. ಮೊದಲ ದಿನ ಕೈನಡುಕ, ಬೆವರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದನ್ನು ಕಂಡು ಬಡಬಡಿಸಬಹುದು. ಆದ್ದರಿಂದ ದಿನವೂ ಕುಡಿಯುವವರು ಮನೆಯಲ್ಲಿ ತಾವಾಗಿಯೇ ಒಮ್ಮೆಲೇ ನಿಲ್ಲಿಸದೆ, ವೈದ್ಯರನ್ನು ಕಂಡು ಅವರ ನಿಗಾದಲ್ಲಿ ನಿಲ್ಲಿಸಬೇಕು.

ಈ ಎರಡು ಗೊಂದಲಗಳಿಗೂ ಔಷಧಿ ಬಹಳ ಬೇರೆ. ಮದ್ಯ ನಿಲ್ಲಿಸಿದ ನಡುಕಕ್ಕೆ ವೈದ್ಯರು ಶಾಂತಗೊಳಿಸುವ ಔಷಧಿ ಕೊಡುತ್ತಾರೆ. ಅಮೋನಿಯದ ಮಂಪರಿನಲ್ಲಿ ಅದೇ ಔಷಧಿ ರೋಗಿಯನ್ನು ಪ್ರಜ್ಞೆ ತಪ್ಪಿಸಬಹುದು. ಆದ್ದರಿಂದ ಕೊನೆಯ ಸಲ ಕುಡಿದದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ನಾಚಿಕೆಪಡದೆ, ಮುಚ್ಚಿಡದೆ ಹೇಳಿ. ನಾವು ಕೇಳುವುದು ತಪ್ಪು ಹಿಡಿಯಲು ಅಲ್ಲ.

ಮೂರನೆಯದು ಬಿ1 ಜೀವಸತ್ವದ ಕೊರತೆ. ಊಟ ಬಿಟ್ಟು ಕುಡಿಯುವವರಲ್ಲಿ ಇದು ಹೆಚ್ಚು. ಗೊಂದಲ, ತೂರಾಡುವ ನಡಿಗೆ, ಕಣ್ಣುಗುಡ್ಡೆಯ ಚಲನೆಯಲ್ಲಿ ತೊಂದರೆ ಇದರ ಗುರುತು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. "ಮೊದಲು ಗ್ಲೂಕೋಸ್ ಏರಿಸಿ" ಎಂದು ಅವಸರ ಮಾಡಬೇಡಿ. ಇಂಥವರಿಗೆ ಗ್ಲೂಕೋಸ್‌ಗೆ ಮೊದಲು ಅಥವಾ ಅದರ ಜೊತೆಯಲ್ಲೇ ಬಿ1 ಇಂಜೆಕ್ಷನ್ ಬೇಕು.

ಮನೆಯಲ್ಲಿ ಏನು ಮಾಡಬೇಕು?

• ಲ್ಯಾಕ್ಟುಲೋಸ್ ಎಂಬ ಸಿಹಿ ಸಿರಪ್ ಅಮೋನಿಯವನ್ನು ಕರುಳಿನಲ್ಲೇ ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ದಿನಕ್ಕೆ 2-3 ಸಲ ಮೆತ್ತಗೆ ಮಲವಿಸರ್ಜನೆ ಆಗಬೇಕು. "ಭೇದಿ ಆಗ್ತದ" ಎಂದು ಔಷಧಿಯನ್ನೇ ಬಿಡಬೇಡಿ. ನೀರಿನಂತೆ ಹೆಚ್ಚು ಸಲ ಆದರೆ ಪ್ರಮಾಣ ಕಡಿಮೆ ಮಾಡಬೇಕಾದೀತು, ವೈದ್ಯರನ್ನು ಕೇಳಿ.
• ಬೇಳೆ ನಿಲ್ಲಿಸಬೇಡಿ. ಪ್ರೋಟೀನ್ ಬಿಡಿಸುವುದು ಹಳೆಯ ಪದ್ಧತಿ. ನಮ್ಮ ಮಾಂಸಖಂಡವೂ ಅಮೋನಿಯವನ್ನು ಹೀರಿಕೊಳ್ಳುತ್ತದೆ. ಅದು ಸೊರಗಿದರೆ ರೋಗಿಗೇ ನಷ್ಟ. ಮೈತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಹೆಸರುಬೇಳೆ, ಕಾಳುಪಲ್ಯ, ಹಾಲು, ಮೊಸರು ಒಳ್ಳೆಯವು.
• ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಉಣಿಸಿ. ಮಲಗುವ ಮುನ್ನ ರೊಟ್ಟಿ-ಹಾಲು ಅಥವಾ ಗಂಜಿ ಕೊಡಿ. ಇಡೀ ರಾತ್ರಿ ಉಪವಾಸ ಬೇಡ. ಉಪ್ಪು ಮಿತವಾಗಿರಲಿ.
• ನಿದ್ದೆ ಮಾತ್ರೆ, ನೋವಿನ ಮಾತ್ರೆ, ನಾಟಿ ಔಷಧಿಗಳನ್ನು ವೈದ್ಯರನ್ನು ಕೇಳದೆ ಕೊಡಬೇಡಿ.
• ಮದ್ಯ ಹನಿಯೂ ಬೇಡ. ಬಿಟ್ಟರೆ ಉಳಿದ ಯಕೃತ್ತು ಎಷ್ಟೋ ಚೇತರಿಸಿಕೊಳ್ಳಬಲ್ಲದು.

ತಕ್ಷಣ ಆಸ್ಪತ್ರೆಗೆ

ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜ್ವರ, ಹೊಟ್ಟೆನೋವು, ಮಲಬದ್ಧತೆ, ನಿಲ್ಲದ ವಾಂತಿಭೇದಿ - ಇವು ಗೊಂದಲವನ್ನು ಹೆಚ್ಚಿಸುವ ಕಾರಣಗಳು. ಇವು ಕಂಡರೆ ಕಾಯಬೇಡಿ. ಕರೆದರೂ ಎಚ್ಚರವಾಗದಿದ್ದರೆ ಬಾಯಿಗೆ ನೀರು, ಔಷಧಿ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ 108 ಆಂಬುಲೆನ್ಸ್‌ಗೆ ಕರೆಮಾಡಿ.

ಬಂಧುಗಳೇ, ಕುಡಿತದಿಂದ ನೊಂದವರು ನೀವೂ ಹೌದು. ಅನುಮಾನ ಬರುವುದು ಸಹಜ. ಆದರೆ ಮುಂದಿನ ಸಲ ಮಾತು ತೊದಲಿದಾಗ ಬೈಯುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ: ಇಂದು ಎಷ್ಟು ಸಲ ಹೊರಕಡೆಗೆ ಹೋದರು? ರಾತ್ರಿ ನಿದ್ದೆ ಹೇಗಿತ್ತು? ಹೆಸರು ನೆಟ್ಟಗೆ ಬರೆದರೇ? ಈ ಮೂರಕ್ಕೆ ಉತ್ತರ ತಂದರೆ ನಮ್ಮ ಅರ್ಧ ಕೆಲಸ ನೀವೇ ಮಾಡಿದಂತೆ.