ಜಯಲಕ್ಷ್ಮೀವಿಲಾಸಕ್ಕೆ ಹೋಗುವವರಿಗೆ

ಮೈಸೂರಿಗೆ ಬಂದವರು ಅಂಬಾವಿಲಾಸ ಅರಮನೆಯ ದೀಪಾಲಂಕಾರವನ್ನೂ ಚಾಮುಂಡಿಬೆಟ್ಟದ ದೇವಿಯನ್ನೂ ಕಂಡು ಹಿಂದಿರುಗುವುದು ರೂಢಿಯಾಗಿರುವುದರಿಂದ, ಊರಿನ ಪಡುವಣ ದಿಕ್ಕಿನಲ್ಲಿ, ಕುಕ್ಕರಹಳ್ಳಿ ಕೆರೆಯ ಆಚೆಯ ದಿಣ್ಣೆಯ ಮೇಲೆ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ವೃಕ್ಷರಾಜಿಯ ನಡುವೆ ನಿಂತಿರುವ ಜಯಲಕ್ಷ್ಮೀವಿಲಾಸವೆಂಬ ಸೌಧವು ಬಹುಮಂದಿ ಯಾತ್ರಿಕರ ಕಣ್ಣಿಗೆ ಬೀಳದೆಯೇ ಉಳಿದುಬಿಡುತ್ತದೆ. ಅದಕ್ಕಾಗಿ ಅರ್ಧ ದಿವಸವನ್ನಾದರೂ ಮೀಸಲಿಡಬೇಕೆಂಬುದು ನನ್ನ ಬಿನ್ನಹ. ಅರಮನೆಯ ವೈಭವವನ್ನು ನೋಡುವುದಕ್ಕೆ ಮೈಸೂರಿನಲ್ಲಿ ಬೇರೆ ಸ್ಥಳಗಳು ಬೇಕಾದಷ್ಟಿವೆ. ಒಂದು ದೊಡ್ಡ ಮನೆಯು ತನ್ನ ಒಡತಿಯನ್ನು ಕಳೆದುಕೊಂಡ ಮೇಲೂ ಹೊಸ ಹೊಸ ಕೆಲಸಗಳಿಗೆ ಹೆಗಲು ಕೊಟ್ಟು ಹೇಗೆ ಬಾಳಿತೆಂಬುದನ್ನು ಗೋಡೆಗೋಡೆಯಲ್ಲಿಯೂ ಓದಬಹುದಾದ ಸ್ಥಳವು ಮಾತ್ರ ಇದೊಂದೇ ಎಂದು ನನಗೆ ತೋರುತ್ತದೆ.

ಹೊರಡುವ ಮುನ್ನ ಆ ಒಡತಿಯ ಪರಿಚಯವಿರಲಿ. ಚಾಮರಾಜೇಂದ್ರ ಒಡೆಯರ ಹಿರಿಯ ಪುತ್ರಿಯೂ ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕನೂ ಆದ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹ ಮಹೋತ್ಸವವು 1897ರಲ್ಲಿ ನಡೆಯುತ್ತಿದ್ದಾಗಲೇ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಇಂದು ಲೋಕವೆಲ್ಲ ಬಂದು ನೋಡುವ ಹೊಸ ಅರಮನೆಯು ಆ ಭಸ್ಮದ ಮೇಲೆ ಎದ್ದು 1912ರಲ್ಲಿ ಪೂರ್ಣಗೊಂಡಿತು. ಆದರೆ ಅದಕ್ಕೂ ಮೊದಲೇ, 1905ರಲ್ಲಿ, ಸುಮಾರು 7 ಲಕ್ಷ ರೂಪಾಯಿಗಳ ವೆಚ್ಚದಲ್ಲಿ, ಆ ಮದುವಣಗಿತ್ತಿಗಾಗಿಯೇ ಊರಾಚೆಯ ಈ ದಿಣ್ಣೆಯ ಮೇಲೆ ಮನೆಯೊಂದು ಸಿದ್ಧವಾಯಿತು. ಆಕೆಯ ಪತಿ ಸರ್ ಎಂ. ಕಾಂತರಾಜ ಅರಸರು ವಿಶ್ವೇಶ್ವರಯ್ಯನವರ ತರುವಾಯ ಮೈಸೂರಿನ ದಿವಾನರಾದವರು. ಆದುದರಿಂದ ಈ ಮನೆಯು ಕೇವಲ ಅಂತಃಪುರವಾಗಿರದೆ, ಸಂಸ್ಥಾನದ ಆಡಳಿತಕ್ಕೂ ಬಹು ಸಮೀಪದ ಸಂಬಂಧವುಳ್ಳದ್ದಾಗಿದ್ದಿತು.

ಹೋಗುವ ದಾರಿ ಕಷ್ಟದ್ದಲ್ಲ. ರೈಲ್ವೆ ನಿಲ್ದಾಣದಿಂದ ಮೂರು ನಾಲ್ಕು ಕಿಲೋಮೀಟರುಗಳಿಗಿಂತ ಹೆಚ್ಚು ದೂರವಿಲ್ಲ; ಆಟೋದಲ್ಲಿ ‘ಗಂಗೋತ್ರಿ’ ಎಂದರೆ ಸಾಕು, ಮತ್ತೊಂದು ಮಾತು ಬೇಕಾಗುವುದಿಲ್ಲ. ನಗರ ಬಸ್ಸು ನಿಲ್ದಾಣದಿಂದ ಬೋಗಾದಿಯ ಕಡೆಗೆ ಹೋಗುವ ಬಸ್ಸುಗಳೂ ವಿಶ್ವವಿದ್ಯಾನಿಲಯದ ಆವರಣದ ಸಮೀಪಕ್ಕೆ ತಂದು ಬಿಡುತ್ತವೆ. ಕಾಲಿನಲ್ಲಿ ಕಸುವುಳ್ಳವರು ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದು ಬರುವುದೇ ಉತ್ತಮ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ನಿರ್ಮಾಣವಾದ ಆ ಕೆರೆಯಲ್ಲಿ ಹೆಜ್ಜಾರ್ಲೆಗಳೂ ನೀರುಕಾಗೆಗಳೂ ಬೆಳಗಿನ ಬಿಸಿಲಿಗೆ ರೆಕ್ಕೆ ಒಣಗಿಸುತ್ತಿರುವುದನ್ನು ನೋಡುತ್ತ ಬಂದರೆ, ಈ ಮನೆಗೆ ಇಂಥ ಸ್ಥಳವನ್ನು ಏಕೆ ಆರಿಸಿಕೊಂಡರೆಂಬುದು ಯಾರೂ ಹೇಳದೆಯೇ ತಿಳಿದುಹೋಗುತ್ತದೆ. ಅಂದು ಇದು ಊರಿನ ಗದ್ದಲಕ್ಕೆ ನಿಲುಕದ ನೆಲೆ. ಇಂದು ಊರು ಇದನ್ನು ದಾಟಿ ಪಡುವಣಕ್ಕೆ ಬಹುದೂರ ಹಬ್ಬಿಕೊಂಡಿದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಇದು ವಿಶ್ವವಿದ್ಯಾನಿಲಯದ ಕಟ್ಟಡವಾದುದರಿಂದ ಭಾನುವಾರಗಳಲ್ಲಿಯೂ ಸರ್ಕಾರಿ ರಜಾದಿನಗಳಲ್ಲಿಯೂ ಬಾಗಿಲು ಮುಚ್ಚಿರುವ ಸಂಭವವೇ ಹೆಚ್ಚು. ಅದಲ್ಲದೆ ಗೋಡೆಗಳಿಗೂ ಮಾಳಿಗೆಗಳಿಗೂ ನೀರಿಳಿದು, ಕೆಲವು ಭಾಗಗಳು ಶಿಥಿಲಗೊಂಡು, ದುರಸ್ತಿಯ ಕಾರ್ಯವು ನಡೆಯಬೇಕಾಗಿ ಬಂದಿರುವುದರಿಂದ ಒಳಗಿನ ಕೋಣೆಗಳನ್ನು ಪ್ರವಾಸಿಗರಿಗೆ ತೆರೆಯದಿರುವ ಕಾಲಗಳೂ ಉಂಟು. ದೂರದಿಂದ ಬರುವವರು ಈ ಸೌಧದಲ್ಲಿಯೇ ಇರುವ ಜಾನಪದ ವಸ್ತುಸಂಗ್ರಹಾಲಯದ ಕಛೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಂಡು, ಕ್ಯಾಮರಾ ತರುವುದಾದರೆ ಅದಕ್ಕೂ ಅನುಮತಿ ಕೇಳಿಕೊಂಡು ಹೊರಡಬೇಕು. ಒಳಗೆ ಪ್ರವೇಶ ದೊರೆಯದಿದ್ದರೂ ನಿರಾಶರಾಗಬೇಕಾಗಿಲ್ಲ. ಹೊರಗಿನಿಂದ ನೋಡತಕ್ಕದ್ದೇ ಸಾಕಷ್ಟಿದೆ.

ಮೊದಲು ದೂರದಲ್ಲಿ ನಿಂತು ಮುಂಭಾಗವನ್ನು ಇಡಿಯಾಗಿ ನೋಡಿರಿ. ಜೋಡಿ ಜೋಡಿಯಾಗಿ ನಿಂತ ಕಂಬಗಳು, ಅವುಗಳ ತಲೆಯ ಮೇಲೆ ಸುರುಳಿ ಹಾಗೂ ಎಲೆಗಳ ಅಲಂಕರಣ, ತುದಿಗಳಲ್ಲಿ ತ್ರಿಕೋಣಾಕಾರದ ಮುಕುಟಗಳು, ಅಂಡಾಕಾರದ ಗವಾಕ್ಷಗಳು, ಇವೆಲ್ಲವೂ ಐರೋಪ್ಯ ಪ್ರಾಚೀನ ಶಿಲ್ಪದ ಮಾದರಿಯವು. ಆದರೆ ಹೊಸ್ತಿಲು ದಾಟಿ ಒಳಗೆ ಹೋದ ಕೂಡಲೆ ಮನೆಯ ಮಾತೇ ಬೇರೆಯಾಗುತ್ತದೆ. ಅಲ್ಲಿ ಕೆತ್ತನೆಯ ತೇಗದ ಬಾಗಿಲುಗಳು, ಮನೆಯ ಹೃದಯಸ್ಥಾನದಲ್ಲಿ ಕಲ್ಯಾಣಮಂಟಪ, ಅದರ ಮೇಲೆ ಬಣ್ಣದ ಗಾಜಿನ ಗುಮ್ಮಟ. ಹೊರಗೆ ದೊರೆಗಳ ಕಾಲದ ರಾಜಕೀಯಕ್ಕೆ ತಕ್ಕ ಠೀವಿಯನ್ನೂ, ಒಳಗೆ ಅರಸು ಮನೆತನದ ಆಚಾರವಿಚಾರಗಳಿಗೆ ತಕ್ಕ ವಿನ್ಯಾಸವನ್ನೂ ಒಟ್ಟಿಗೆ ಇರಿಸಿಕೊಂಡ ಈ ದ್ವಿಮುಖತೆಯು ಆ ಕಾಲದ ಮೈಸೂರಿನ ಸ್ವಭಾವವೇ ಆಗಿದ್ದಿತು. ಸುಮಾರು 125 ಕೋಣೆಗಳು, 300 ಕಿಟಕಿಗಳು, 287 ಬಾಗಿಲುಗಳೆಂದು ಲೆಕ್ಕ ಹೇಳುತ್ತಾರೆ. ಆದರೆ ಎಣಿಕೆಯ ಹಿಂದೆ ಬೀಳದೆ, ಗುಮ್ಮಟದಿಂದ ಇಳಿಯುವ ಬೆಳಕು ನೆಲದ ಮೇಲೆ ಸರಿಯುವುದನ್ನು ಸ್ವಲ್ಪ ಹೊತ್ತು ನಿಂತು ನೋಡುವುದು ಲೇಸು. ಮದುವೆಯ ಸಡಗರದ ನಡುವೆಯೇ ಅರಮನೆ ಉರಿದುಹೋದುದನ್ನು ಕಂಡ ರಾಜಪುತ್ರಿಯ ಮನೆಯಲ್ಲಿ ಮಂಟಪಕ್ಕೆ ಇಷ್ಟು ಮರ್ಯಾದೆ ದೊರೆತುದು ನನಗೆ ಆಶ್ಚರ್ಯವೆನಿಸುವುದಿಲ್ಲ.

ಸಂಸ್ಥಾನಗಳು ಹೋಗಿ ಪ್ರಜಾಪ್ರಭುತ್ವವು ಬಂದ ಮೇಲೆ ಇಂಥ ಸೌಧಗಳ ಗತಿ ಏನಾಗಬೇಕು? ಅನೇಕವು ಹಾಳುಸುರಿದವು, ಕೆಲವು ತುಂಡುತುಂಡಾಗಿ ಮಾರಾಟವಾದವು. ಇದಕ್ಕಾದರೋ ಒಳ್ಳೆಯ ದಿನವು ಕಾದಿದ್ದಿತು. ಕುವೆಂಪು ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದಾಗ, ಸ್ನಾತಕೋತ್ತರ ವಿದ್ಯಾಭ್ಯಾಸಕ್ಕೆಂದು ಊರಿನ ಗದ್ದಲದಿಂದ ದೂರವಾದ, ಗಿಡಮರಗಳ ನಡುವಿನ ಪ್ರತ್ಯೇಕ ನೆಲೆಯೊಂದು ಬೇಕೆಂದು ಸಂಕಲ್ಪಿಸಿ, 1959ರಲ್ಲಿ ಈ ಸೌಧವನ್ನೂ ಸುತ್ತಣ ನೆಲವನ್ನೂ ವಿಶ್ವವಿದ್ಯಾನಿಲಯದ ವಶಕ್ಕೆ ತಂದರು. ಅದಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. ರಾಜಕುಮಾರಿಯ ಪಡಸಾಲೆಗಳಲ್ಲಿ ವಿದ್ಯಾರ್ಥಿಗಳು ಬಂದು ಕುಳಿತರು. ಇಂದು ಆವರಣದ ತುಂಬ ಬೇರೆ ಬೇರೆ ವಿಭಾಗಗಳ ಹೊಸ ಕಟ್ಟಡಗಳು ಎದ್ದಿವೆ; ಆದರೂ ಅವೆಲ್ಲಕ್ಕೂ ಮೂಲಬಿಂದು ಈ ಹಳೆಯ ಮನೆಯೇ ಎಂಬುದನ್ನು ಮರಗಳ ನೆರಳಿನ ರಸ್ತೆಗಳಲ್ಲಿ ನಡೆಯುವಾಗ ನೆನೆಯಬೇಕು.

ಅರಮನೆ, ವಿದ್ಯಾಲಯಗಳಾದ ಮೇಲೆ ಬಂದ ಈ ಮನೆಯ ಮೂರನೆಯ ಅವಸ್ಥೆಯೇ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದಿರುವುದು. 1968ರಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯವು ಪ್ರಾರಂಭವಾಯಿತು. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀಶಂಪ ಮೊದಲಾದವರ ಪರಿಶ್ರಮದಿಂದ ಕರ್ನಾಟಕದ ಮೂಲೆಮೂಲೆಗಳಿಂದ ಬಂದ 6,500ಕ್ಕೂ ಮೀರಿದ ವಸ್ತುಗಳು ಇಲ್ಲಿ ಸೇರಿವೆ. ಬೀಸುಕಲ್ಲು, ಮೊರ, ಕೊಳಗ, ಸೇರು, ಕೂರಿಗೆ, ತೊಗಲುಗೊಂಬೆ, ಯಕ್ಷಗಾನದ ಕಿರೀಟ, ಗ್ರಾಮದೇವತೆಗಳ ಉತ್ಸವದ ದೊಡ್ಡ ಗೊಂಬೆಗಳು, ಇವನ್ನೆಲ್ಲ ರಾಜಮನೆತನದ ಸೂರಿನ ಕೆಳಗೆ ನೋಡುವಾಗ ಆಗುವ ಅನುಭವವನ್ನು ಯಾವ ಹೊಸ ಕಟ್ಟಡವೂ ಕೊಡಲಾರದು. ರೈತನ ಮನೆಯ ಹೆಂಗಸು ನಸುಕಿನಲ್ಲಿ ಹಾಡುತ್ತ ರಾಗಿ ಬೀಸಿದ ಕಲ್ಲು, ಒಂದು ಕಾಲದಲ್ಲಿ ಆಕೆಗೆ ಪ್ರವೇಶವೇ ಇಲ್ಲದಿದ್ದ ಸೌಧದಲ್ಲಿ ಈಗ ಗೌರವದ ಸ್ಥಾನವನ್ನು ಪಡೆದಿದೆ. ನೋಡುವವರು ಇಲ್ಲಿ ಅವಸರ ಮಾಡಬಾರದು. ಹಿರಿಯರೊಡನೆ ಬಂದರೆ ಮತ್ತೂ ಒಳ್ಳೆಯದು. ಯಾವ ಪಾತ್ರೆಯಲ್ಲಿ ಏನನ್ನು ಅಳೆಯುತ್ತಿದ್ದರು, ಯಾವ ಬುಟ್ಟಿ ಯಾವ ಸುಗ್ಗಿಗೆ ಎಂಬುದನ್ನು ಫಲಕಗಳಿಗಿಂತ ಚೆನ್ನಾಗಿ ಅವರು ಹೇಳಬಲ್ಲರು. ಸಾಹಿತಿಗಳಿಗೆ ಸಂಬಂಧಿಸಿದ ವಸ್ತುಗಳ ವಿಭಾಗವೂ ಉಂಟು. ಓದುಗರು ಅದನ್ನು ತಪ್ಪಿಸಿಕೊಳ್ಳಬಾರದು.

2002ರ ತರುವಾಯ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ, ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ, ಈ ಕಟ್ಟಡವು ದೊಡ್ಡ ಪ್ರಮಾಣದ ಜೀರ್ಣೋದ್ಧಾರವನ್ನು ಕಂಡಿತು. ಆ ಮೇಲೆಯೂ ಮಳೆ ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ಗಾರೆ, ಇಟ್ಟಿಗೆ, ತೇಗಗಳಿಂದ ಕಟ್ಟಿದ ಮನೆಗೆ ಒಮ್ಮೆ ಮಾಡಿದ ದುರಸ್ತಿ ಸಾಲದು; ಮಾಳಿಗೆಯ ಬಿರುಕು, ದೋಣಿಯಲ್ಲಿ ಕಟ್ಟಿದ ಎಲೆ, ತೊಲೆಗೆ ಹತ್ತಿದ ಗೆದ್ದಲು, ಇವನ್ನು ವರ್ಷಂಪ್ರತಿ ನೋಡಿಕೊಳ್ಳುವ ಕೈ ಬೇಕು. 2024ರಲ್ಲಿ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ ಪಶ್ಚಿಮ ಭಾಗದ ಪುನರುದ್ಧಾರಕ್ಕೆ ಚಾಲನೆ ದೊರೆತುದು ಸಂತೋಷದ ಸಂಗತಿ. ಕೆಲಸ ನಡೆದಿರುವ ಭಾಗಗಳ ಸಮೀಪಕ್ಕೆ ಹೋಗದಿರಿ, ಕಂಬಗಳಿಗೆ ಒರಗದಿರಿ, ಹಳೆಯ ಗಾರೆಯ ಮೇಲೆ ಹೆಸರು ಗೀಚದಿರಿ; ಇವನ್ನು ಹೇಳಬೇಕಾಗಿ ಬಂದಿರುವುದೇ ದುಃಖದ ಮಾತು.

ಮಳೆ ಕಳೆದ ಕಾರ್ತಿಕದಿಂದ ಮಾಘದವರೆಗಿನ ದಿವಸಗಳು ಈ ಭೇಟಿಗೆ ಪ್ರಶಸ್ತವಾದವು. ದಸರೆಯ ವಾರದಲ್ಲಿ ಊರಿನಲ್ಲಿ ಬಿಡಾರವೂ ವಾಹನವೂ ದುರ್ಲಭವಾಗುವುದರಿಂದ ಆ ಕಾಲವನ್ನು ಬಿಡುವುದು ಒಳ್ಳೆಯದು. ಹತ್ತು ಗಂಟೆಯ ಸುಮಾರಿಗೆ ತಲುಪಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ನೋಡಿ ಮುಗಿಸಬಹುದು.

ಇನ್ನೂ ಉತ್ಸಾಹವಿದ್ದವರು ಮಿಕ್ಕ ಹೊತ್ತನ್ನು ಇದರ ಒಡಹುಟ್ಟುಗಳನ್ನು ನೋಡುವುದಕ್ಕೆ ವಿನಿಯೋಗಿಸಬೇಕು. ಕಿರಿಯ ರಾಜಕುಮಾರಿಗಾಗಿ ಕಟ್ಟಿದ ಚೆಲುವಾಂಬಾ ಸೌಧದಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ನಡೆಯುತ್ತಿದೆ. ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲವಾದರೂ, ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನಗಳು ಬಂದಾಗ ಹೋಗಬಹುದು. ಹುಣಸೂರು ರಸ್ತೆಯ ಚಿತ್ತರಂಜನ ಸೌಧವು ಮೊದಲು ಅರಮನೆಯಾಗಿದ್ದು, ಅನಂತರ ಪ್ರೀಮಿಯರ್ ಸ್ಟುಡಿಯೋ ಆಗಿ ಅನೇಕ ಚಲನಚಿತ್ರಗಳಿಗೆ ಆಶ್ರಯವಿತ್ತು, 1989ರಲ್ಲಿ ಟೀಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆಯಲ್ಲಿ ಹತ್ತಿದ ಬೆಂಕಿಯಲ್ಲಿ 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡ ದಾರುಣ ಘಟನೆಯನ್ನೂ ಕಂಡಿತು. ಈಗ ಅದು ಗ್ರೀನ್ ಹೋಟೆಲ್. ಅಲ್ಲಿಯ ತೋಟದಲ್ಲಿ ಕುಳಿತು ಕಾಫಿ ಕುಡಿಯುವವರು ಆ ನತದೃಷ್ಟರನ್ನು ಒಂದು ಗಳಿಗೆ ನೆನೆಯಲಿ. ಊರಿನ ಮೂಡಣ ತುದಿಯ ಲಲಿತಮಹಲು 1974ರಿಂದ ಹೋಟೆಲಾಗಿದೆ. ಅದನ್ನೂ ಅದೇ ದಿನ ಸೇರಿಸಿಕೊಳ್ಳುವುದಕ್ಕೆ ಹೋಗದೆ, ಮರುದಿನ ಚಾಮುಂಡಿಬೆಟ್ಟಕ್ಕೆ ಹೋಗುವ ದಾರಿಯಲ್ಲಿ ನೋಡಿಕೊಂಡರೆ ಸಾಕು.